ಹರಿಗೋಲಿನ ನಾಡಿಗೆ ಹಲಗೆಯ ಓಟ

ಕ್ರಿ.ಶ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಬಳಿ ಜನ ಹೊಳೆ ದಾಟುತ್ತಿದ್ದ ಬಗೆಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ದುಂಡಗಿನ ದೋಣಿ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. ಹದಿನೈದು ಇಪ್ಪತ್ತು ಮಂದಿಯನ್ನು ಅದು ಹೊರುತ್ತದೆ. ಬೇಕಾದರೆ ಕುದುರೆ, ಎತ್ತುಗಳನ್ನೂ ಸಾಗಿಸುತ್ತದೆ. ಆದರೆ ಹುಟ್ಟು ಹಾಕಿದಂತೆಲ್ಲ ಗಿರ್ರನೆ ತಿರುಗುತ್ತದೆ, ಬೇರೆ ದೋಣಿಗಳಂತೆ ನೇರವಾಗಿ ಸಾಗದು ಎಂಬುದು ಅವನ ಕಣ್ಣಿಗೆ ಬಿದ್ದ ವಿಶೇಷ.

ಪಾಯೆಸ್ ಕಂಡ ಆ ಹರಿಗೋಲು ಇಂದಿಗೂ ತುಂಗಭದ್ರೆಯ ಮೇಲಿದೆ. ಈ ನಡುವೆ ಒಬ್ಬನೇ ವ್ಯಕ್ತಿ, ಒಂದೇ ಹುಟ್ಟು ಎಂಬ ಹಳೆಯ ಸೂತ್ರದ ಮೇಲೆಯೇ ಜಗತ್ತಿನಲ್ಲಿ ಹೊಸದೊಂದು ಕ್ರೀಡೆ ಬೆಳೆದಿದೆ. ಉದ್ದನೆಯ ಹಲಗೆಯ ಮೇಲೆ ನೆಟ್ಟಗೆ ನಿಂತು, ಹುಟ್ಟಿನಿಂದ ನೀರನ್ನು ಹಿಂದಕ್ಕೆ ಎಳೆಯುತ್ತ ಗುರಿ ಮುಟ್ಟುವ ಈ ಓಟಕ್ಕೆ ‘ಸ್ಟ್ಯಾಂಡ್ ಅಪ್ ಪ್ಯಾಡಲಿಂಗ್’ ಎಂದು ಹೆಸರು. ಸಮುದ್ರದಿಂದ ಬಹು ದೂರವಿರುವ ಬಳ್ಳಾರಿಗೂ ಈ ಕ್ರೀಡೆಗೂ ಏನು ನಂಟು ಎಂದು ಕೇಳಬಹುದು. ನಂಟು ಇದೆ, ಅದನ್ನು ಅರಿಯಲು ಮೊದಲು ಈ ಆಟ ಎಲ್ಲಿಂದ ಬಂತೆಂದು ನೋಡಬೇಕು.

ಅಲೆಯ ಮೇಲೆ ಹುಟ್ಟಿದ ಆಟ

ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳು ಅಲೆಸವಾರಿಯ ತವರು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನ ಈಜಿನಲ್ಲಿ ಚಿನ್ನ ಗೆದ್ದ ಡ್ಯೂಕ್ ಕಹನಮೊಕು ಅಲ್ಲಿಯವರೇ. ಅಲ್ಲಿನ ವೈಕಿಕಿ ತೀರದಲ್ಲಿ ಪ್ರವಾಸಿಗರಿಗೆ ಅಲೆಸವಾರಿ ಕಲಿಸುತ್ತಿದ್ದವರು, ಕಲಿಯುವವರ ಮೇಲೆ ಕಣ್ಣಿಡಲೆಂದು ತಮ್ಮ ಹಲಗೆಯ ಮೇಲೆ ಎದ್ದು ನಿಂತು ದೋಣಿಯ ಹುಟ್ಟನ್ನು ಕೈಗೆತ್ತಿಕೊಂಡರು. ಕಳೆದ ಶತಮಾನದ ನಡುಭಾಗದಲ್ಲಿ ಹೀಗೆ ಆರಂಭವಾದ ರೂಢಿ ಆಮೇಲೆ ಬಹುಮಟ್ಟಿಗೆ ಮರೆಯಾಯಿತು. 2000ದ ಆಸುಪಾಸಿನಲ್ಲಿ ಲೇರ್ಡ್ ಹ್ಯಾಮಿಲ್ಟನ್ ಮುಂತಾದ ಅಲೆಸವಾರರು ಅದಕ್ಕೆ ಮರುಜೀವ ಕೊಟ್ಟರು.

ಅಲೆಯಿಲ್ಲದ ನೀರಿನಲ್ಲೂ ಈ ಹಲಗೆ ಸಾಗುತ್ತದೆ ಎಂಬುದು ತಿಳಿದದ್ದೇ ತಡ, ಆಟ ಕೆರೆ ನದಿಗಳಿಗೆ ಹಬ್ಬಿತು. 2012ರಲ್ಲಿ ಪೆರು ದೇಶದ ಲಿಮಾದಲ್ಲಿ ಅಂತರರಾಷ್ಟ್ರೀಯ ಸರ್ಫಿಂಗ್ ಸಂಸ್ಥೆಯ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. 2019ರ ಪ್ಯಾನ್ ಅಮೆರಿಕನ್ ಕ್ರೀಡಾಕೂಟದಲ್ಲಿ ಇದಕ್ಕೂ ಪದಕಗಳಿದ್ದವು. ಈ ಆಟದ ಒಡೆತನ ಅಲೆಸವಾರಿ ಸಂಸ್ಥೆಯದೋ, ಕನೂಯಿಂಗ್ ಸಂಸ್ಥೆಯದೋ ಎಂಬ ಜಗಳ ಕ್ರೀಡಾ ನ್ಯಾಯಾಲಯದ ಮೆಟ್ಟಿಲೇರಿತು. ಒಲಿಂಪಿಕ್ಸ್ ಮಟ್ಟದಲ್ಲಿ ಅಧಿಕಾರ ಸರ್ಫಿಂಗ್ ಸಂಸ್ಥೆಗೇ ಸೇರಿದ್ದೆಂದು 2020ರಲ್ಲಿ ತೀರ್ಪು ಬಂತು. ಇಂಥ ವ್ಯಾಜ್ಯ ಹುಟ್ಟಿತೆಂದರೆ ಆಟಕ್ಕೆ ಬೆಲೆ ಬಂದಿದೆ ಎಂದೇ ಅರ್ಥ.

ಮೂಲ್ಕಿಯ ದಾರಿ

ಭಾರತದಲ್ಲಿ ಈ ಆಟದ ಬೇರು ಕರ್ನಾಟಕದ ಕರಾವಳಿಯಲ್ಲೇ ಇದೆ. ಅಮೆರಿಕದ ಜ್ಯಾಕ್ ಹೆಬ್ನರ್ 2004ರಲ್ಲಿ ಮೂಲ್ಕಿಯಲ್ಲಿ ಆಶ್ರಮ ತೆರೆದು ಅಲೆಸವಾರಿಗೆ ನೆಲೆ ಒದಗಿಸಿದರು. ಅಲ್ಲಿಂದ ಬೆಳೆದದ್ದು ಮಂತ್ರ ಸರ್ಫ್ ಕ್ಲಬ್. ಮೂಲ್ಕಿಗೆ ಒಂದು ಅನುಕೂಲವಿತ್ತು: ಒಂದು ಕಡೆ ಕಡಲು, ಇನ್ನೊಂದು ಕಡೆ ಶಾಂಭವಿ ನದಿಯ ನಿಧಾನದ ನೀರು. ನದಿಯಲ್ಲಿ ನಿಲ್ಲಲು ಕಲಿತವರು ಕಡಲಿಗೆ ಇಳಿಯುತ್ತಿದ್ದರು.

ಹೀಗೆ ಕಲಿತವರಲ್ಲಿ ತನ್ವಿ ಜಗದೀಶ್ ಒಬ್ಬರು. ಆರಂಭದಲ್ಲಿ ಮನೆಯವರ ಒಪ್ಪಿಗೆಯೇ ಅವರಿಗೆ ಇರಲಿಲ್ಲ. 2016ರಲ್ಲಿ ಫಿಜಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವರು ಭಾರತವನ್ನು ಪ್ರತಿನಿಧಿಸಿದರು. ಮರುವರ್ಷ ಅಮೆರಿಕದ ಕ್ಯಾರೊಲಿನಾ ಕಪ್‌ನಲ್ಲಿ ತಮ್ಮ ಸ್ಪರ್ಧೆಯಲ್ಲಿ ಮೂರನೆಯ ಸ್ಥಾನ ಪಡೆದರು. 2024ರ ಮಾರ್ಚ್‌ನಲ್ಲಿ ಮಂಗಳೂರು ಸಮೀಪದ ಸಸಿಹಿತ್ಲು ತೀರದಲ್ಲಿ ಇಂಡಿಯಾ ಪ್ಯಾಡಲ್ ಫೆಸ್ಟಿವಲ್ ನಡೆದಾಗ ವಿಶ್ವ ಪ್ರವಾಸ ಸರಣಿಯ ವಿದೇಶಿ ಸ್ಪರ್ಧಿಗಳು ಕನ್ನಡನಾಡಿಗೇ ಬಂದರು.

ಕರಾವಳಿಯ ಈ ಕತೆಯಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಓಟದ ಪಾಠ ಶುರುವಾಗುವುದು ಅಲೆಯ ಮೇಲಲ್ಲ, ನಿಂತ ನೀರಿನ ಮೇಲೆ. ಆ ಲೆಕ್ಕದಲ್ಲಿ ಒಳನಾಡು ಈ ಆಟಕ್ಕೆ ಪರಕೀಯವೇನೂ ಅಲ್ಲ.

ಸಿರುಗುಪ್ಪದ ಹೊಳೆ, ಅಂಬಿಗರ ವಿದ್ಯೆ

ಸಿರುಗುಪ್ಪ ತಾಲ್ಲೂಕು ತುಂಗಭದ್ರೆಯ ಮಗು. ಹಗರಿ, ಅಂದರೆ ವೇದಾವತಿ, ಇಲ್ಲಿಯೇ ತುಂಗಭದ್ರೆಯನ್ನು ಸೇರುತ್ತದೆ. ದೇಶನೂರಿನ ಬಳಿ ಹೊಳೆ ಕವಲೊಡೆದು ನಡುಗಡ್ಡೆ ಮಾಡಿದೆ. ಕೆಂಚನಗುಡ್ಡದಲ್ಲಿ ಕೋಟೆಯಿದೆ. ವಿಜಯನಗರ ಕಾಲದ ಸಿರುಗುಪ್ಪ ಮತ್ತು ದೇಶನೂರು ಕಾಲುವೆಗಳು ಈ ಭಾಗದ ಭತ್ತದ ಗದ್ದೆಗಳಿಗೆ ನೀರುಣಿಸಿದವು. ಇಂಥ ನಾಡಿನಲ್ಲಿ ಹರಿಗೋಲು ಜನರ ಕಾಲಿನಷ್ಟೇ ಸಹಜವಾಗಿತ್ತು. ಸಂತೆಗೆ, ಜಾತ್ರೆಗೆ, ಹೊಲದ ಕೆಲಸಕ್ಕೆ ಅದೇ ವಾಹನ.

1803ರಲ್ಲಿ ಮರಾಠರ ಮೇಲೆ ದಂಡೆತ್ತಿ ಹೋದ ಆರ್ಥರ್ ವೆಲ್ಲೆಸ್ಲಿ, ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದವನು, ದಖ್ಖನಿನ ನದಿಗಳನ್ನು ದಾಟಿಸಲು ಸೈನ್ಯಕ್ಕೆ ಇಂಥದೇ ಬುಟ್ಟಿದೋಣಿಗಳನ್ನು ಕಟ್ಟಿಸಿದ. ಮದ್ರಾಸ್ ಪ್ರಾಂತ್ಯದ ಮೀನುಗಾರಿಕೆ ನಿರ್ದೇಶಕರಾಗಿದ್ದ ಜೇಮ್ಸ್ ಹಾರ್ನೆಲ್ 1930ರ ದಶಕದಲ್ಲಿ ದಕ್ಷಿಣ ಭಾರತದ ಹರಿಗೋಲುಗಳನ್ನು ಕುರಿತು ಅಧ್ಯಯನ ಪ್ರಕಟಿಸಿದರು. ಬಳ್ಳಾರಿ ಆಗ ಅದೇ ಪ್ರಾಂತ್ಯಕ್ಕೆ ಸೇರಿತ್ತು. ಮೈಸೂರು ರಾಜ್ಯಕ್ಕೆ ಅದು ಸೇರಿದ್ದು 1953ರ ಅಕ್ಟೋಬರ್ 1ರಂದು.

ಅದೇ 1953ರಲ್ಲಿ ಹೊಸಪೇಟೆಯ ಬಳಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತಿತು. ಹೊಳೆಯ ಸ್ವಭಾವವೇ ಬದಲಾಯಿತು. ಮುಂದೆ ರಸ್ತೆಗಳು ಬಂದವು, ಧಡೇಸೂಗೂರಿನಂಥ ಕಡೆ ಸೇತುವೆಗಳು ಬಂದವು. ಬಸ್ಸು ಹತ್ತಿದವರಿಗೆ ಹರಿಗೋಲು ಬೇಡವಾಯಿತು. ಚರ್ಮದ ಜಾಗಕ್ಕೆ ಡಾಂಬರು ಬಳಿದ ಪ್ಲಾಸ್ಟಿಕ್ ಚೀಲ ಬಂತು, ಆಮೇಲೆ ಫೈಬರ್ ಬಂತು. ಹುಟ್ಟು ಹಾಕುವ ಕೈಗಳು ಮಾತ್ರ ಕಡಿಮೆಯಾಗುತ್ತ ಹೋದವು. ‘ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ’ ಎಂಬ ಗಾದೆ ಇಡೀ ಒಂದು ವೃತ್ತಿಯ ಪಾಲಿಗೆ ನಿಜವಾಯಿತು. ಹನ್ನೆರಡನೆಯ ಶತಮಾನದಲ್ಲಿ ಇದೇ ತುಂಗಭದ್ರೆಯ ದಡದಲ್ಲಿ ಅಂಬಿಗರ ಚೌಡಯ್ಯನಂಥ ವಚನಕಾರನನ್ನು ಕೊಟ್ಟ ಕಾಯಕ ಇದು.

ದುಂಡಗಿನದು, ಉದ್ದನೆಯದು

ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲ. ಪಕ್ಕದಲ್ಲಿ ಹುಟ್ಟು ಹಾಕಿದರೆ ಅದು ನಿಂತಲ್ಲೇ ಬುಗುರಿಯಾಗುತ್ತದೆ. ಆದ್ದರಿಂದ ಅಂಬಿಗ ತನ್ನ ಮುಂದೆ ಹುಟ್ಟು ಚಾಚಿ, ನೀರನ್ನು ಹಿಡಿದು, ತನ್ನತ್ತ ಎಳೆದುಕೊಳ್ಳುತ್ತಾನೆ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಸ್ವಲ್ಪ ಓರೆ ಮಾಡಿ ತಿರುಗುವುದನ್ನು ತಡೆಯುತ್ತಾನೆ. ಆಳ ಕಡಿಮೆಯಿದ್ದಲ್ಲಿ ಎದ್ದು ನಿಂತು ಗಳ ಊರುತ್ತಾನೆ.

ಓಟದ ಹಲಗೆಯ ಗುಣ ಇದಕ್ಕೆ ತದ್ವಿರುದ್ಧ. 14 ಅಡಿಯಷ್ಟು ಉದ್ದ, ಎರಡು ಅಡಿಯ ಆಸುಪಾಸಿನ ಅಗಲ, ಚೂಪಾದ ಮೂತಿ, ಹಿಂಬದಿಯ ತಳದಲ್ಲಿ ಮೀನಿನ ರೆಕ್ಕೆಯಂಥ ಒಂದು ಪಟ್ಟಿ. ಇವೆಲ್ಲ ಹಲಗೆಯನ್ನು ನೇರಕ್ಕೆ ಹಿಡಿದಿಡುತ್ತವೆ. ಇಲ್ಲಿ ಕಷ್ಟವಿರುವುದು ತಿರುಗಿಸುವುದರಲ್ಲಿ. ತೇಲುಗುರುತನ್ನು ಸುತ್ತುವಾಗ ಸ್ಪರ್ಧಿ ಹಿಂಬದಿಗೆ ಹೆಜ್ಜೆಯಿಟ್ಟು, ಮೂತಿ ಮೇಲೇಳುವಂತೆ ಮಾಡಿ ಹಲಗೆಯನ್ನು ತಿರುಗಿಸುತ್ತಾನೆ. ಆ ಕ್ಷಣದಲ್ಲೇ ಹೆಚ್ಚು ಮಂದಿ ನೀರಿಗೆ ಬೀಳುವುದು.

ಇಷ್ಟಾದರೂ ಮೂಲವಿದ್ಯೆ ಒಂದೇ. ಮುಂದಕ್ಕೆ ಬಾಗಿ ಹುಟ್ಟನ್ನು ಪೂರ್ತಿ ಮುಳುಗಿಸುವುದು, ತೋಳಿಗಿಂತ ಸೊಂಟ ಬೆನ್ನುಗಳ ಬಲದಿಂದ ಎಳೆಯುವುದು, ಪಾದದ ಸಮಕ್ಕೆ ಬಂದೊಡನೆ ಹೊರತೆಗೆಯುವುದು. ಅದಕ್ಕಿಂತ ಮುಖ್ಯವಾದದ್ದು ನೀರನ್ನು ಓದುವುದು: ಎಲ್ಲಿ ಸುಳಿ, ಎಲ್ಲಿ ಬಂಡೆ, ಗಾಳಿ ಯಾವ ಕಡೆಯದು. ಇದನ್ನು ಪುಸ್ತಕ ಕಲಿಸದು. ಅಂಬಿಗನಿಗೆ ಇದು ಮನೆಯ ಮಾತು.

ಕಲಿಯುವವರಿಗೆ

ಓಟದ ಹಲಗೆಯ ಮೇಲೆ ಮೊದಲ ದಿನವೇ ನಿಲ್ಲಲು ಹೋಗುವುದು, ಸೈಕಲ್ ಬಾರದವನು ರೇಸಿಗೆ ಹೊರಟಂತೆ. ಹೊಸಬರಿಗೆ ಹತ್ತು ಹನ್ನೊಂದು ಅಡಿ ಉದ್ದದ, 30 ಅಂಗುಲಕ್ಕಿಂತ ಹೆಚ್ಚು ಅಗಲದ ಹಲಗೆ ಬೇಕು. ಗಾಳಿ ತುಂಬುವ ಹಲಗೆಗಳನ್ನು ಮಡಚಿ ಚೀಲದಲ್ಲಿ ಒಯ್ಯಬಹುದು. ಹುಟ್ಟು ಆಳಿಗಿಂತ ಒಂದು ಗೇಣಿನಷ್ಟು ಎತ್ತರವಿದ್ದರೆ ಸಾಕು. ಮೊದಲು ಮಂಡಿಯೂರಿ ಸಾಗುವುದು, ಆಮೇಲೆ ಏಳುವುದು. ಕಣ್ಣು ಕಾಲಿನ ಮೇಲಲ್ಲ, ಎದುರು ದಡದ ಮೇಲಿರಬೇಕು. ಸ್ಪರ್ಧೆಗಳಲ್ಲಿ 200 ಮೀಟರಿನ ವೇಗದ ಓಟದಿಂದ ಹದಿನೈದಿಪ್ಪತ್ತು ಕಿಲೊಮೀಟರಿನ ದೂರದ ಓಟದವರೆಗೆ ಬಗೆಗಳಿವೆ. ಕೆಲವು ತಿಂಗಳ ಅಭ್ಯಾಸವಿದ್ದವರು ಚಿಕ್ಕ ಓಟದಿಂದ ಆರಂಭಿಸಬಹುದು.

ಇದಕ್ಕೆಲ್ಲ ಮೊದಲು ಈಜು ಬರಬೇಕು. ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿಯುತ್ತಿದ್ದ ಹಳ್ಳಿಯ ಪದ್ಧತಿ, ಬಾವಿಗಳು ಬತ್ತಿದಂತೆ ಮಾಯವಾಗುತ್ತಿದೆ. ನೀರಿನ ಪಕ್ಕದಲ್ಲೇ ಬೆಳೆದ ಮಕ್ಕಳು ನೀರಿಗೆ ಬಲಿಯಾಗುವುದು ಇದರ ದಾರುಣ ಫಲ. ಜೀವರಕ್ಷಕ ಜಾಕೆಟ್ ಇಲ್ಲದೆ ಹಲಗೆ ಹತ್ತಬಾರದು. ಹಲಗೆ ಕೈತಪ್ಪಿ ಹೋಗದಂತೆ ಕಡಲಿನಲ್ಲಿ ಕಾಲಿಗೆ ಹಗ್ಗ ಕಟ್ಟುತ್ತಾರೆ. ಹರಿಯುವ ನದಿಯಲ್ಲಿ ಅದೇ ಹಗ್ಗ ಬೇರು ಬಂಡೆಗಳಿಗೆ ಸಿಕ್ಕಿ ಉರುಲಾಗಬಹುದು. ಅಲ್ಲಿ ಸೊಂಟಕ್ಕೆ ಕಟ್ಟಿ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಹಗ್ಗವೇ ಸರಿ.

ಎಲ್ಲಿ ಇಳಿಯಬೇಕು?

ಬಳ್ಳಾರಿ ಭಾಗದಲ್ಲಿ ನಿಜವಾದ ಪ್ರಶ್ನೆ ಇದು. ನಗರದ ಪಕ್ಕದ ಹಗರಿ ವರ್ಷದ ಬಹುಕಾಲ ಮರಳಿನ ಹಾಸು. ಅಲ್ಲಿಪುರದ ಕೆರೆ ಊರಿಗೆ ಕುಡಿಯುವ ನೀರು ಕೊಡುವ ಕೆರೆ. ದೊಡ್ಡಬಸವೇಶ್ವರನ ಕುರುಗೋಡಿನಲ್ಲಿ ಬೆಟ್ಟವಿದೆ, ಹೊಳೆಯಿಲ್ಲ. ಆ ಭಾಗಕ್ಕೆ ತುಂಗಭದ್ರೆ ಬರುವುದು ಕಾಲುವೆಯ ರೂಪದಲ್ಲಿ. ಕಾಲುವೆಯ ನೀರು ನೋಡಲು ಸಮತಟ್ಟಾಗಿ ಆಸೆ ಹುಟ್ಟಿಸುತ್ತದೆ. ಆದರೆ ಅದರ ಸೆಳವು ಬಲವಾದದ್ದು, ಇಳಿಜಾರಿನ ದಡಗಳು ಜಾರುತ್ತವೆ, ಬಿದ್ದವರಿಗೆ ಹಿಡಿಯಲು ಏನೂ ಸಿಗದು. ಕಾಲುವೆ ಆಟದ ಜಾಗವಲ್ಲವೇ ಅಲ್ಲ.

ಉಳಿಯುವುದು ಹೊಳೆ. ಅದಕ್ಕೂ ಕಟ್ಟುಪಾಡುಗಳಿವೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೊಮೀಟರ್ ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಪ್ರದೇಶವೆಂದು ಸಾರಲಾಗಿದೆ. ಹೊಳೆಯಲ್ಲಿ ಮೊಸಳೆಗಳೂ ಇವೆ. ಜಲಾಶಯದ 33 ಗೇಟುಗಳಿಂದ ನೀರು ಬಿಟ್ಟರೆ ಕಂಪ್ಲಿಯ ಸೇತುವೆಯೇ ಮುಳುಗುವುದುಂಟು. 2009ರ ಅಕ್ಟೋಬರ್ ನೆರೆಯನ್ನು ಸಿರುಗುಪ್ಪದ ಜನ ಮರೆತಿಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ದಡದ ಊರುಗಳೆಲ್ಲ ಎಚ್ಚರದಿಂದ ಇರಬೇಕಾಯಿತು. ಮಳೆಗಾಲ ಕಳೆದು ನೀರು ಇಳಿದ ತಿಂಗಳುಗಳಲ್ಲಿ, ಅಧಿಕಾರಿಗಳ ಅನುಮತಿ ಪಡೆದು, ಜಾಗ ಬಲ್ಲವರನ್ನು ಜತೆಗಿಟ್ಟುಕೊಂಡು ಇಳಿಯುವುದೇ ಇಲ್ಲಿ ಸಾಧ್ಯವಿರುವ ದಾರಿ.

ಜಾಗ ಬಲ್ಲವರು ಯಾರು ಎಂಬಲ್ಲಿಗೆ ಮಾತು ಮತ್ತೆ ಅಂಬಿಗರ ಬಳಿಗೇ ಬರುತ್ತದೆ. ಹಂಪಿ ಉತ್ಸವದಲ್ಲಿ ಕಮಲಾಪುರದ ಕೆರೆಯಲ್ಲಿ ಹರಿಗೋಲು ಸ್ಪರ್ಧೆ ನಡೆಯುವಾಗ ದಡದ ತುಂಬ ಜನ ಸೇರುತ್ತಾರೆ. ಉತ್ಸವ ಮುಗಿದೊಡನೆ ಆ ಕೈಚಳಕಕ್ಕೆ ವರ್ಷವಿಡೀ ಕೇಳುವವರಿಲ್ಲ. ಮೂಲ್ಕಿಯಲ್ಲಿ ಒಂದು ಕ್ಲಬ್ಬು ಇದ್ದುದರಿಂದ ಕರಾವಳಿಯ ಮಕ್ಕಳು ಫಿಜಿಯವರೆಗೆ ಹೋದರು. ಸಿರುಗುಪ್ಪದ ದಡದಲ್ಲಿ ಈಜು ಕಲಿಸುವ ಒಂದು ಜಾಗ, ಹತ್ತು ಜಾಕೆಟ್, ನಾಲ್ಕು ಹಲಗೆ ದೊರೆತರೆ, ಮೊದಲ ಗುರುವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಹರಿಗೋಲನ್ನು ದಡಕ್ಕೆಳೆದು ಬೋರಲು ಹಾಕಿ ಬೇರೆ ಕೂಲಿಗೆ ಹೊರಟಿರುವ ಅಂಬಿಗನೇ ಆ ಗುರು.