ಮಳೆಗಾಲಕ್ಕೆ ಹೆದರುವ ಹರಳು

ಜುಲೈ ಬಂತೆಂದರೆ ಮುಂಬಯಿಯ ಅಡುಗೆಮನೆಗಳಲ್ಲಿ ಉಪ್ಪು ನೀರೊಡೆಯುತ್ತದೆ. ಗಾಳಿಯ ತೇವವನ್ನು ಹರಳು ಹೀರಿಕೊಳ್ಳುತ್ತದೆ, ಅಷ್ಟೆ. ಇದೇ ನಗರದ ಪೊವಾಯಿಯಲ್ಲಿರುವ ಐಐಟಿ ಬಾಂಬೆಯ ಪ್ರಯೋಗಾಲಯಗಳಲ್ಲಿ ಕೆಲವರು ವರ್ಷಗಳಿಂದ ಹೆಣಗುತ್ತಿರುವುದೂ ಉಪ್ಪಿನ ಜಾತಿಗೇ ಸೇರಿದ ಒಂದು ಹರಳಿನೊಂದಿಗೆ. ಅದರ ಹೆಸರು ಪೆರೋವ್‌ಸ್ಕೈಟ್.

ಹೆಸರು ಹಳೆಯದು. 1839ರಲ್ಲಿ ಉರಲ್ ಪರ್ವತದಿಂದ ಬಂದ ಒಂದು ಖನಿಜವನ್ನು ಗುರುತಿಸಿದ ಜರ್ಮನಿಯ ಗುಸ್ತಾವ್ ರೋಸ್, ಅದಕ್ಕೆ ರಷ್ಯಾದ ಅಧಿಕಾರಿ ಲೆವ್ ಪೆರೋವ್‌ಸ್ಕಿಯ ಹೆಸರಿಟ್ಟರು. ಆ ಕಲ್ಲಿನಲ್ಲಿದ್ದದ್ದು ಕ್ಯಾಲ್ಸಿಯಂ, ಟೈಟಾನಿಯಂ ಮತ್ತು ಆಮ್ಲಜನಕ. ಇಂದು ಸೌರಕೋಶದಲ್ಲಿ ಬೆಳಕು ಹೀರುವ ಪೆರೋವ್‌ಸ್ಕೈಟಿನಲ್ಲಿ ಈ ಮೂರೂ ಇಲ್ಲ. ಇರುವುದು ಸೀಸ, ಅಯೋಡಿನ್ ಮತ್ತು ಒಂದು ಸಾವಯವ ಅಯಾನು. ಉಳಿದುಕೊಂಡದ್ದು ಪರಮಾಣುಗಳ ಜೋಡಣೆಯ ವಿನ್ಯಾಸ ಮಾತ್ರ. ಅರ್ಥ ಹೀಗೆ ವಸ್ತುವನ್ನು ಬಿಟ್ಟು ಆಕಾರಕ್ಕೆ ಅಂಟಿಕೊಂಡದ್ದು ಭಾಷಾವಿಜ್ಞಾನ ಓದಿದ ನನಗೆ ವಿಶೇಷ ಖುಷಿ ಕೊಡುತ್ತದೆ.

ಸೀಸದ ಈ ಹರಳನ್ನು ಜರ್ಮನಿಯ ಡೀಟರ್ ವೆಬರ್ 1978ರಲ್ಲೇ ತಯಾರಿಸಿದ್ದರು. ಅದರಿಂದ ಸೌರಕೋಶ ಮಾಡಿದ ವರದಿ ಜಪಾನಿನ ತ್ಸುತೊಮು ಮಿಯಾಸಾಕಾ ತಂಡದಿಂದ ಬಂದದ್ದು 2009ರಲ್ಲಿ. ದಕ್ಷತೆ ಶೇ. 3.8. ಕೋಶದೊಳಗಿನ ದ್ರವವೇ ಹರಳನ್ನು ಕರಗಿಸುತ್ತಿದ್ದುದರಿಂದ ಅದು ಹೆಚ್ಚು ಹೊತ್ತು ಬದುಕುತ್ತಿರಲಿಲ್ಲ. 2012ರಲ್ಲಿ ಕೊರಿಯಾದ ನಾಮ್-ಗ್ಯು ಪಾರ್ಕ್ ಮತ್ತು ಆಕ್ಸ್‌ಫರ್ಡಿನ ಹೆನ್ರಿ ಸ್ನೇತ್ ತಂಡಗಳು ದ್ರವದ ಜಾಗಕ್ಕೆ ಘನವಸ್ತು ತಂದವು, ದಕ್ಷತೆ ಶೇ. 10ರ ಆಸುಪಾಸಿಗೆ ಜಿಗಿಯಿತು. 2019ರ ಹೊತ್ತಿಗೆ ಶೇ. 25 ದಾಟಿತ್ತು. 1954ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಶೇ. 6ರಿಂದ ಹೊರಟ ಸಿಲಿಕಾನ್‌ಗೆ ಇಷ್ಟು ದೂರ ಬರಲು ದಶಕಗಳೇ ಹಿಡಿದವು.

ಆದರೆ ಸಲೀಸಾಗಿ ಹುಟ್ಟುವುದು ಸಲೀಸಾಗಿ ಸಾಯುತ್ತದೆ. ಸಿಲಿಕಾನನ್ನು 1,414 ಡಿಗ್ರಿಯಲ್ಲಿ ಕರಗಿಸಬೇಕು; ಪೆರೋವ್‌ಸ್ಕೈಟನ್ನು ದ್ರಾವಣವಾಗಿ ಬಳಿದು ನೂರು ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿದರೆ ಸಾಕು. ಅಷ್ಟು ಸಡಿಲ ಬಂಧದ ಹರಳು ತೇವ ತಾಗಿದರೆ ಕಪ್ಪಿನಿಂದ ಹಳದಿಗೆ ತಿರುಗುತ್ತದೆ. ಆ ಹಳದಿ ಸೀಸದ ಅಯೋಡೈಡ್. ಕೋಶದ ಕಥೆ ಅಲ್ಲಿಗೆ ಮುಗಿಯಿತು. ಸಾವಯವ ಅಯಾನಿನ ಜಾಗದಲ್ಲಿ ಸ್ವಲ್ಪ ಸೀಸಿಯಂ ಬೆರೆಸುವುದು, ಅಂಚುಗಳನ್ನು ಗಾಳಿಯಾಡದಂತೆ ಮುಚ್ಚುವುದು ಎಲ್ಲ ಇದಕ್ಕೇ. ಸೌರಫಲಕಗಳ ಒಂದು ಪ್ರಮುಖ ಪರೀಕ್ಷೆಯಲ್ಲಿ ಅವನ್ನು 85 ಡಿಗ್ರಿ ಶಾಖ, ಶೇ. 85 ಆರ್ದ್ರತೆಯಲ್ಲಿ 1,000 ಗಂಟೆ ಇಡುತ್ತಾರೆ. ಅಂದರೆ ಸುಮಾರು 42 ದಿನ. ಮುಂಬಯಿಯ ಮಳೆಗಾಲ ಅಷ್ಟು ಕಠೋರವಲ್ಲ, ನಿಜ. ಆದರೆ ಅದು ನಾಲ್ಕು ತಿಂಗಳು ಇರುತ್ತದೆ, ಮರುವರ್ಷ ಮತ್ತೆ ಬರುತ್ತದೆ.

ಬಾಳಿಕೆಯ ಪ್ರಶ್ನೆ ಪೊವಾಯಿಗೆ ಹೊಸದಲ್ಲ. 2010ರಲ್ಲಿ ಕೇಂದ್ರ ಸರ್ಕಾರದ ನೆರವಿನಿಂದ ಅಲ್ಲಿ ಶುರುವಾದ ರಾಷ್ಟ್ರೀಯ ದ್ಯುತಿವಿದ್ಯುತ್ ಸಂಶೋಧನೆ ಮತ್ತು ಶಿಕ್ಷಣ ಕೇಂದ್ರದವರು, 2013ರಿಂದ ದೇಶದ ನಾನಾ ಹವಾಮಾನಗಳಲ್ಲಿ ಫಲಕಗಳನ್ನು ಹುಡುಕಿಕೊಂಡು ಹೋಗಿ ಅಳೆದರು. ಬಿಸಿ ಪ್ರದೇಶಗಳ ಫಲಕಗಳು ತಂಪು ಪ್ರದೇಶದವಕ್ಕಿಂತ ಬೇಗ ಸೊರಗುತ್ತಿದ್ದವು. ಗಟ್ಟಿಮುಟ್ಟಾದ ಸಿಲಿಕಾನಿನದೇ ಈ ಗತಿ! ನನ್ನ ಮಟ್ಟಿಗೆ, ಯಾವ ದಕ್ಷತೆಯ ದಾಖಲೆಗಿಂತಲೂ ಈ ಓಡಾಟದ ಲೆಕ್ಕವೇ ದೊಡ್ಡದು.

2023ರಲ್ಲಿ ಅದೇ ಕೇಂದ್ರದ ದಿನೇಶ್ ಕಾಬ್ರಾ ತಂಡ ಶೇ. 26ಕ್ಕೂ ಹೆಚ್ಚಿನ ದಕ್ಷತೆಯ ಜೋಡಿಕೋಶವನ್ನು ಪ್ರಕಟಿಸಿತು. ಮೇಲೆ ಅರೆಪಾರದರ್ಶಕ ಪೆರೋವ್‌ಸ್ಕೈಟ್, ಕೆಳಗೆ ಸಿಲಿಕಾನ್. ನೀಲಿ, ಹಸಿರು ಬೆಳಕು ಮೇಲಿನದಕ್ಕೆ. ದಾಟಿ ಬಂದ ಅವಕೆಂಪು ಕೆಳಗಿನದಕ್ಕೆ. ಎರಡಕ್ಕೂ ಬೇರೆಬೇರೆ ತಂತಿಗಳಿವೆ. ಹೀಗಾಗಿ ಮೇಲಿನದು ಸೊರಗಿದರೂ ಅದು ಕೆಳಗಿನದರ ವಿದ್ಯುತ್ ದಾರಿಗೆ ಅಡ್ಡ ಬರುವುದಿಲ್ಲ. ಸಿಲಿಕಾನ್ ಫಲಕಕ್ಕೆ ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ 25 ವರ್ಷಗಳ ವಾರಂಟಿ ಇರುತ್ತದೆ. ಮೇಲಿನ ಹರಳು ಅಷ್ಟು ಮಳೆಗಾಲಗಳನ್ನು ಇನ್ನೂ ಕಂಡಿಲ್ಲ.