ಏಳು ಜನ, ಅರವತ್ತನಾಲ್ಕು ಮಗ್ಗ

1952ರ ಜೂನ್‌ನಲ್ಲಿ ಅಹಮದಾಬಾದಿನ ಕ್ಯಾಲಿಕೋ ಮಿಲ್ಲಿನ ಒಂದು ಶೆಡ್ಡಿಗೆ ಸ್ವಯಂಚಾಲಿತ ಮಗ್ಗಗಳು ಬಂದವು. ಒಟ್ಟು 224 ಮಗ್ಗ. ಲಾಳಿಯಲ್ಲಿ ನೂಲು ಮುಗಿದರೆ ಮಗ್ಗ ತಾನೇ ಹೊಸ ನೂಲು ತುಂಬಿಕೊಳ್ಳುತ್ತದೆ, ಎಳೆ ಕಡಿದರೆ ತಾನೇ ನಿಲ್ಲುತ್ತದೆ. ಇಂಥ ಯಂತ್ರ ಬಂದ ಮೇಲೆ ಬಟ್ಟೆ ಹೆಚ್ಚಾಗಬೇಕು, ದೋಷ ಕಡಿಮೆಯಾಗಬೇಕು. ಎರಡೂ ಆಗಲಿಲ್ಲ. ತಿಂಗಳುಗಳು ಕಳೆದರೂ ಹಳೆಯ ಮಗ್ಗಗಳ ಕಾಲಕ್ಕಿಂತ ಹೆಚ್ಚೇನೂ ಬಟ್ಟೆ ಬರಲಿಲ್ಲ. ಬಂದದ್ದರಲ್ಲೂ ಹಾಳಾದದ್ದೇ ಬಹಳ.

ನಾನು ಪಿಎಚ್‌ಡಿಗೆ ಆರಿಸಿಕೊಂಡಿರುವುದು ಬೆಂಗಳೂರಿನ ಹಳೆಯ ಬಟ್ಟೆ ಮಿಲ್ಲುಗಳ ಕಾರ್ಮಿಕರ ಚರಿತ್ರೆಯನ್ನು. ಮಿಲ್ಲುಗಳ ಬಗ್ಗೆ ಓದುವವರಿಗೆ ಅಹಮದಾಬಾದಿನ ದಾರಿ ತಪ್ಪಿದ್ದಲ್ಲ. ಆದರೆ ಕೆಲಸದ ಮನಶ್ಶಾಸ್ತ್ರದ ಚರಿತ್ರೆಯಲ್ಲಿ ಈ ಒಂದು ಶೆಡ್ಡಿಗೆ ಇಷ್ಟು ದೊಡ್ಡ ಜಾಗ ಇದೆಯೆಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲ. ಇವತ್ತು ‘ಫ್ಲೆಕ್ಸಿಬಲ್ ವರ್ಕ್’ ಎನ್ನುವ ಮಾತು ಐಟಿ ಕಂಪನಿಯ ಜಾಹೀರಾತಿನಿಂದ ವಿಧಾನಸಭೆಯ ಮಸೂದೆಯವರೆಗೆ ಓಡಾಡುತ್ತಿರುವಾಗ, ಆ ಶೆಡ್ಡಿನ ಕತೆಯನ್ನು ಮತ್ತೆ ಹೇಳಬೇಕೆನ್ನಿಸುತ್ತದೆ.

ಕತೆ ಆರಂಭವಾಗುವುದು ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳಲ್ಲಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಲಂಡನ್ನಿನಲ್ಲಿ ಟ್ಯಾವಿಸ್ಟಾಕ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ಹುಟ್ಟಿಕೊಂಡಿತು. ಯುದ್ಧಕಾಲದಲ್ಲಿ ಸೈನ್ಯದಲ್ಲಿ ಕೆಲಸ ಮಾಡಿದ್ದ ಮನೋವೈದ್ಯರು, ಮನಶ್ಶಾಸ್ತ್ರಜ್ಞರು ಅಲ್ಲಿ ಸೇರಿಕೊಂಡಿದ್ದರು. 1947ರಲ್ಲಿ ಬ್ರಿಟನ್ನಿನ ಗಣಿಗಳು ರಾಷ್ಟ್ರೀಕರಣಗೊಂಡವು. ಯಂತ್ರಗಳೂ ಬಂದಿದ್ದವು. ಆದರೂ ಗೈರುಹಾಜರಿ, ಜಗಳ, ಕೆಲಸ ಬಿಟ್ಟು ಹೋಗುವವರ ಸಂಖ್ಯೆ ಯಾವುದೂ ತಗ್ಗಲಿಲ್ಲ. ಯಾಕೆಂದು ನೋಡಲು ಹೊರಟವರು ಎರಿಕ್ ಟ್ರಿಸ್ಟ್ ಮತ್ತು ಕೆನ್ ಬ್ಯಾಮ್‌ಫೋರ್ತ್. ಬ್ಯಾಮ್‌ಫೋರ್ತ್ ಸ್ವತಃ 18 ವರ್ಷ ಗಣಿಯಲ್ಲಿ ದುಡಿದವನು.

1951ರಲ್ಲಿ ಇವರಿಬ್ಬರು ಪ್ರಕಟಿಸಿದ ಪ್ರಬಂಧ ಇವತ್ತಿಗೂ ಓದಿಸಿಕೊಳ್ಳುತ್ತದೆ. ಹಳೆಯ ಪದ್ಧತಿಯಲ್ಲಿ ಇಬ್ಬರೋ ಮೂವರೋ ಸೇರಿ ಒಂದು ಜೋಡಿ ಕಟ್ಟಿಕೊಳ್ಳುತ್ತಿದ್ದರು. ಯಾರ ಜೊತೆ ಇಳಿಯಬೇಕೆಂಬುದನ್ನು ಅವರೇ ಆರಿಸಿಕೊಳ್ಳುತ್ತಿದ್ದರು. ಕಲ್ಲಿದ್ದಲು ಅಗೆಯುವುದರಿಂದ ಹಿಡಿದು ಚಾವಣಿಗೆ ಆಸರೆ ಕೊಡುವವರೆಗೆ ಇಡೀ ಕೆಲಸ ಅವರದೇ. ಕತ್ತಲೆಯಲ್ಲಿ, ಮೇಲಿನ ಬಂಡೆ ಯಾವಾಗ ಕುಸಿಯುತ್ತದೋ ಗೊತ್ತಿಲ್ಲದ ಕಡೆ, ಎಷ್ಟು ವೇಗದಲ್ಲಿ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬ ತೀರ್ಮಾನವೂ ಅವರದೇ ಆಗಿತ್ತು. ಹೊಸ ‘ಲಾಂಗ್‌ವಾಲ್’ ಪದ್ಧತಿ ಇದನ್ನೆಲ್ಲ ಒಡೆಯಿತು. ಸುಮಾರು 200 ಗಜದ ಗೋಡೆಯುದ್ದಕ್ಕೂ 40-50 ಜನ, ಮೂರು ಪಾಳಿಗಳಲ್ಲಿ ಹಂಚಿಹೋದರು. ಒಂದು ಪಾಳಿ ಕೊರೆದದ್ದನ್ನು ಇನ್ನೊಂದು ಪಾಳಿ ತುಂಬಬೇಕು. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಹಿಂದಿನವರು ಬಿಟ್ಟು ಹೋದ ತಪ್ಪಿಗೆ ಮುಂದಿನವರು ಬೆವರು ಸುರಿಸಬೇಕು. ಹೀಗಾಗಿ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದು, ತನ್ನದಷ್ಟನ್ನೇ ನೋಡಿಕೊಳ್ಳುವುದು, ಸಾಕಾದಾಗ ರಜೆ ಹಾಕುವುದು ಇವೇ ಬದುಕುಳಿಯುವ ಉಪಾಯಗಳಾದವು. ಅಧಿಕಾರಿಗಳು ಇದನ್ನು ಸೋಮಾರಿತನವೆಂದರು. ಟ್ರಿಸ್ಟ್ ಮತ್ತು ಬ್ಯಾಮ್‌ಫೋರ್ತ್ ಮಾತ್ರ, ಕೆಲಸವನ್ನು ಕತ್ತರಿಸಿದ ರೀತಿಯೇ ಮನಸ್ಸನ್ನೂ ಕತ್ತರಿಸಿದೆ ಎಂದು ತೋರಿಸಿದರು.

ಇಂಥದ್ದೇ ತೊಡಕನ್ನು ಹೊತ್ತ ಅಹಮದಾಬಾದಿಗೆ ಅದೇ ಸಂಸ್ಥೆಯ ಎ.ಕೆ. ರೈಸ್ ಬಂದರು. ಅವರು ಬಂದದ್ದು ಬರಿದಾದ ನೆಲಕ್ಕಲ್ಲ. 1918ರ ಮಿಲ್ ಮುಷ್ಕರದಲ್ಲಿ ಶೇ. 35ರಷ್ಟು ಕೂಲಿ ಹೆಚ್ಚಳಕ್ಕಾಗಿ ಗಾಂಧೀಜಿ ಉಪವಾಸ ಕೂತ ಊರದು. ಆಗ ಕಾರ್ಮಿಕರ ಪರ ನಿಂತವರು ಅನಸೂಯಾ ಸಾರಾಭಾಯಿ. ಎದುರು ಪಕ್ಷದಲ್ಲಿದ್ದ ಕ್ಯಾಲಿಕೋ ಮಿಲ್ಲಿನ ಒಡೆಯ ಅಂಬಾಲಾಲ್ ಸಾರಾಭಾಯಿ ಆಕೆಯ ಸ್ವಂತ ತಮ್ಮ. 1920ರಲ್ಲಿ ಕಾರ್ಮಿಕರ ‘ಮಜೂರ್ ಮಹಾಜನ್’ ಸಂಘ ಕಟ್ಟಲ್ಪಟ್ಟಿತು. 1950ರ ದಶಕದ ಹೊತ್ತಿಗೆ ಅಂಬಾಲಾಲರ ಮಗ ಗೌತಮ್ ಸಾರಾಭಾಯಿ ಕ್ಯಾಲಿಕೋ ನಡೆಸುತ್ತಿದ್ದರು. ಇನ್ನೊಬ್ಬ ಮಗ ವಿಕ್ರಮ್ ಸಾರಾಭಾಯಿ ಮುನ್ನಡೆಸುತ್ತಿದ್ದ ‘ಅಟಿರಾ’ ಎಂಬ ಜವಳಿ ಸಂಶೋಧನಾ ಸಂಸ್ಥೆಯಲ್ಲಿ ಕಮಲಾ ಚೌಧರಿ ಮಿಲ್ ಕಾರ್ಮಿಕರ ಮನಶ್ಶಾಸ್ತ್ರವನ್ನು ಅಭ್ಯಾಸ ಮಾಡುತ್ತಿದ್ದರು. ಮಾತುಕತೆಗೆ ಒಗ್ಗಿಕೊಂಡ ಊರು ಎನ್ನಬಹುದು.

ರೈಸ್ ಶೆಡ್ಡಿನಲ್ಲಿ ಕಂಡದ್ದೇನು? 29 ಜನ, 12 ಬಗೆಯ ಕೆಲಸ. ನೇಕಾರನೊಬ್ಬನ ಸುಪರ್ದಿಗೆ 24ರಿಂದ 32 ಮಗ್ಗ. ಮಗ್ಗದ ಬ್ಯಾಟರಿಗೆ ನೂಲಿನ ಉರುಳೆ ತುಂಬುವವನಿಗೆ 40ರಿಂದ 50. ಎಳೆಗಳು ಒಟ್ಟಿಗೆ ಕಡಿದಾಗ ಸರಿಪಡಿಸುವವನಿಗೆ 60ರಿಂದ 80. ಜಾಬರ್‌ಗೆ, ಅಂದರೆ ನಮ್ಮ ಕಡೆಯ ಮೇಸ್ತ್ರಿಗೆ, 112. ಲೆಕ್ಕ ಮಾಡಿದವರು ಪ್ರತಿಯೊಂದು ಕೈಕೆಲಸಕ್ಕೂ ಸೆಕೆಂಡು ಹಿಡಿದು ಲೆಕ್ಕ ಮಾಡಿದ್ದರು, ಅದರಲ್ಲಿ ಲೋಪವಿರಲಿಲ್ಲ. ಆದರೆ ಒಬ್ಬ ನೇಕಾರನ ಮಗ್ಗ ನಿಂತರೆ ಅವನು ಯಾರನ್ನು ಕೂಗಬೇಕು? ಅವನ ನೆರವಿಗೆ ಬರಬೇಕಾದವನು ಇನ್ನಿಬ್ಬರು ನೇಕಾರರಿಗೂ ಹಂಚಿಹೋಗಿದ್ದ. ಯಾರೂ ಯಾರಿಗೂ ಪೂರ್ತಿ ಜೊತೆಗಾರರಲ್ಲ. 29 ಜನ ಒಂದೇ ಚಾವಣಿಯ ಕೆಳಗಿದ್ದರೂ ಅಲ್ಲಿ ‘ನಾವು’ ಎನ್ನುವ ಗುಂಪೇ ಇರಲಿಲ್ಲ.

1953ರ ಮಾರ್ಚ್‌ನಲ್ಲಿ ರೈಸ್ ಒಂದು ಸರಳ ಆಲೋಚನೆಯನ್ನು ಮುಂದಿಟ್ಟರು. ಕೆಲಸದ ತುಣುಕಿಗೊಬ್ಬ ಆಳು ಎಂಬುದರ ಬದಲು, ಮಗ್ಗಗಳ ಒಂದು ಗುಂಪಿಗೆ ಜನರ ಒಂದು ಗುಂಪು ಇರಲಿ. ವ್ಯವಸ್ಥಾಪಕರು ಇದನ್ನು ಮೇಲ್ವಿಚಾರಕರಿಗೆ, ಕಾರ್ಮಿಕರಿಗೆ ಹೇಳಿದ್ದೇ ತಡ, ಅವರು ಅದನ್ನು ಕೈಗೆತ್ತಿಕೊಂಡುಬಿಟ್ಟರು. ಯಾರು ಯಾರ ಜೊತೆ ಎಂಬುದನ್ನು ತಾವೇ ತೀರ್ಮಾನಿಸಿ ಗುಂಪು ಕಟ್ಟಿಕೊಂಡರು. ಹೊರಗಿನಿಂದ ಬಂದ ತಜ್ಞ ತಿಂಗಳುಗಟ್ಟಲೆ ಕೂತು ಮಾಡಬಹುದಾಗಿದ್ದ ಯೋಜನೆಯನ್ನು ಕಾರ್ಮಿಕರು ಅಷ್ಟು ಬೇಗ ಮಾಡಿ ಮುಗಿಸಿದ್ದು ರೈಸ್ ಅವರಿಗೂ ಆಶ್ಚರ್ಯ ತಂದಿತು. ಒಂದು ಗುಂಪಿಗೆ ಏಳು ಜನ, 64 ಮಗ್ಗ. ಒಬ್ಬರ ಕೆಲಸವನ್ನು ಇನ್ನೊಬ್ಬರು ಕಲಿತುಕೊಳ್ಳಬಹುದು, ಒಬ್ಬರು ಸುಸ್ತಾದರೆ ಇನ್ನೊಬ್ಬರು ಕೈಹಾಕಬಹುದು. ಆರಂಭದ ತಡವರಿಕೆ ಕಳೆದ ಮೇಲೆ ಶೆಡ್ಡಿನ ದಕ್ಷತೆ ಸರಾಸರಿ ಶೇ. 80ರಿಂದ 95ಕ್ಕೆ ಏರಿತು. ಹಾಳಾಗುವ ಬಟ್ಟೆಯ ಪ್ರಮಾಣ ಶೇ. 32ರಿಂದ 20ಕ್ಕೆ ಇಳಿಯಿತು.

ಅದೇ ಮಗ್ಗ, ಅದೇ ನೂಲು, ಅದೇ ಜನ. ಕೂಲಿಯ ಏರ್ಪಾಡೂ ಬದಲಾಗಿತ್ತು, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು ಆಮೇಲೆ ಬಂದ ವಿಮರ್ಶಕರು ಸರಿಯಾಗಿಯೇ ಹೇಳಿದರು. ಪ್ರಯೋಗದ ಹಿಂದೆ ಮಾಲೀಕನ ಲಾಭದ ಆಸೆ ಇತ್ತು ಎಂಬುದೂ ನಿಜ. ಇಷ್ಟನ್ನು ಕಳೆದರೂ ಒಂದು ಮಾತು ಉಳಿಯುತ್ತದೆ. ಆ ಕಾರ್ಮಿಕರಿಗೆ ಸಿಕ್ಕಿದ್ದು ಬಿಡುವಲ್ಲ, ಕೆಲಸದ ಗಂಟೆ ಇಳಿದದ್ದೂ ಅಲ್ಲ. ಕೆಲಸದ ಮಧ್ಯದಲ್ಲಿ ಸಣ್ಣಸಣ್ಣ ತೀರ್ಮಾನ ತೆಗೆದುಕೊಳ್ಳುವ ಅಧಿಕಾರ.

ಈ ಅಧಿಕಾರಕ್ಕೂ ಆರೋಗ್ಯಕ್ಕೂ ಇರುವ ನಂಟು ಸ್ಪಷ್ಟವಾಗಲು ಇನ್ನಷ್ಟು ಕಾಲ ಬೇಕಾಯಿತು. 1967ರಲ್ಲಿ ಲಂಡನ್ನಿನ ಸುಮಾರು 18,000 ಸರ್ಕಾರಿ ನೌಕರರನ್ನು ಆರಿಸಿಕೊಂಡು ‘ವೈಟ್‌ಹಾಲ್’ ಅಧ್ಯಯನ ಶುರುವಾಯಿತು. ಹೃದಯಾಘಾತ ಎಂದರೆ ದೊಡ್ಡ ಹುದ್ದೆಯ ದೊಡ್ಡ ಚಿಂತೆಯ ರೋಗ ಎಂದು ನಂಬಿದ್ದ ಕಾಲ. ಮೈಕಲ್ ಮಾರ್ಮಟ್ ಮತ್ತು ಸಂಗಡಿಗರು ಕಂಡದ್ದು ತದ್ವಿರುದ್ಧ. ಅತ್ಯಂತ ಕೆಳದರ್ಜೆಯ ನೌಕರರಲ್ಲಿ ಹೃದ್ರೋಗದ ಸಾವು ಮೇಲಿನವರಿಗಿಂತ ಮೂರು ಪಟ್ಟಿಗೂ ಹೆಚ್ಚು. ಸಿಗರೇಟು, ರಕ್ತದೊತ್ತಡ, ಕೊಬ್ಬು ಎಲ್ಲವನ್ನೂ ಲೆಕ್ಕ ಹಾಕಿದರೂ ಈ ಅಂತರ ಅಳಿಯಲಿಲ್ಲ. 1979ರಲ್ಲಿ ರಾಬರ್ಟ್ ಕರಾಸೆಕ್ ಇದಕ್ಕೊಂದು ವಿವರಣೆಯ ಚೌಕಟ್ಟು ಕೊಟ್ಟರು. ಕೆಲಸದ ಒತ್ತಡವೊಂದೇ ಮನುಷ್ಯನನ್ನು ಕೆಡಿಸುವುದಿಲ್ಲ. ಒತ್ತಡ ಹೆಚ್ಚಿದ್ದು, ತೀರ್ಮಾನದ ಅಧಿಕಾರ ಕಡಿಮೆಯಿದ್ದಾಗ ಕೆಡಿಸುತ್ತದೆ. 1985ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರು, ಗಂಡಸರನ್ನು ಒಳಗೊಂಡು ಆರಂಭವಾದ ಎರಡನೆಯ ವೈಟ್‌ಹಾಲ್ ಅಧ್ಯಯನವೂ, ಕೆಲಸದ ಮೇಲೆ ಹಿಡಿತವಿಲ್ಲದವರಲ್ಲಿ ಹೃದ್ರೋಗ ಹೆಚ್ಚೆಂದು ತೋರಿಸಿತು.

ವೈಟ್‌ಹಾಲ್ ಅಧ್ಯಯನ ಆರಂಭವಾದ 1967ರಲ್ಲೇ ಜರ್ಮನಿಯ ಮ್ಯೂನಿಕ್ ಹತ್ತಿರದ ಓಟೋಬ್ರುನ್‌ನಲ್ಲಿದ್ದ ಒಂದು ವಿಮಾನ ಕಂಪನಿ ನೌಕರರಿಗೆ ಹೊಸ ವೇಳಾಪಟ್ಟಿ ಕೊಟ್ಟಿತು. ದಿನದ ನಡುವಿನ ಕೆಲವು ಗಂಟೆ ಎಲ್ಲರೂ ಇರಬೇಕು, ಅದರ ಹಿಂದುಮುಂದೆ ಯಾವಾಗ ಬರಬೇಕು, ಯಾವಾಗ ಹೋಗಬೇಕು ಎಂಬುದು ಅವರವರಿಗೆ ಬಿಟ್ಟದ್ದು. ಕ್ರಿಸ್ಟಲ್ ಕಮ್ಮರರ್ ಎಂಬ ಮಹಿಳೆ ಮುಂದಿಟ್ಟಿದ್ದ ಕಲ್ಪನೆ ಇದು. ಬೆಳಗ್ಗೆ ಗೇಟಿನ ಮುಂದೆ ಆಗುತ್ತಿದ್ದ ವಾಹನಗಳ ನೂಕುನುಗ್ಗಲು ತಪ್ಪಿಸಲು ಕಂಪನಿ ಅದನ್ನು ಜಾರಿಗೆ ತಂದಿತ್ತು. ಇವತ್ತಿನ ‘ಫ್ಲೆಕ್ಸಿ ಟೈಮ್’ನ ಮೂಲ ಅಲ್ಲಿದೆ. ಗಮನಿಸಿ, ಅಲ್ಲೂ ಗಡಿಯಾರದ ಒಂದು ಮುಳ್ಳು ನೌಕರನ ಕೈಗೆ ಬಂದಿತ್ತು.

ನಮ್ಮ ಕಡೆ ಬರೋಣ. 2023ರ ಫೆಬ್ರವರಿಯಲ್ಲಿ ಕರ್ನಾಟಕದ ಶಾಸನಸಭೆ ಕಾರ್ಖಾನೆ ಕಾಯ್ದೆಯ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. ವಾರಕ್ಕೆ 48 ಗಂಟೆಯ ಮಿತಿ ಉಳಿಸಿಕೊಂಡು ದಿನದ ದುಡಿಮೆಯನ್ನು 12 ಗಂಟೆಯವರೆಗೆ ಹಿಗ್ಗಿಸಲು ಅದು ದಾರಿ ಮಾಡಿಕೊಟ್ಟಿತು. ಕಾರ್ಮಿಕರ ಲಿಖಿತ ಒಪ್ಪಿಗೆ ಬೇಕೆಂಬ ಮಾತೂ ಅದರಲ್ಲಿದೆ. ಇದನ್ನು ಸಮರ್ಥಿಸಿದವರು ಬಳಸಿದ ಪದವೂ ಫ್ಲೆಕ್ಸಿಬಿಲಿಟಿಯೇ. ನಾಲ್ಕು ದಿನ ಹೆಚ್ಚು ದುಡಿದು ಮೂರು ದಿನ ರಜೆ ಪಡೆಯಬಹುದಲ್ಲ ಎಂದರು.

ನನ್ನ ಚಿಕ್ಕಮ್ಮ ಬೆಂಗಳೂರಿನ ಹೊರವಲಯದ ಒಂದು ಗಾರ್ಮೆಂಟ್ಸಿನಲ್ಲಿ ಹದಿನಾಲ್ಕು ವರ್ಷದಿಂದ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದಾರೆ. ಅವರ ಪಾಲಿಗೆ ಬಂದಿರುವುದು ಶರ್ಟಿನ ಕಾಲರ್ ಮಾತ್ರ. ಈ ತಿದ್ದುಪಡಿಯ ಬಗ್ಗೆ ಕೇಳಿದಾಗ ಅವರು ಗಂಟೆಗಳ ಬಗ್ಗೆ ಮಾತೇ ಆಡಲಿಲ್ಲ. “ಟಾರ್ಗೆಟ್ ಮುಟ್ಟಿಸೋದು ನನಗೆ ಕಷ್ಟ ಅಲ್ಲ ಕಣೇ. ಹಿಂದಿನ ಮೆಷಿನ್ನವಳು ತಡ ಮಾಡಿದ್ರೆ ಬೈಸ್ಕೊಳ್ಳೋದು ನಾನು. ಬಾತ್‌ರೂಮಿಗೆ ಎದ್ರೆ ಸೂಪರ್‌ವೈಸರ್ ಮುಖ ನೋಡ್ಬೇಕು. ಅಂಥ ಕಡೆ ಒಪ್ಪಿಗೆ ಪತ್ರ ಕೊಟ್ರೆ ಯಾರು ಸೈನ್ ಹಾಕಲ್ಲ ಅಂತಾರೆ ಹೇಳು” ಅಂದರು. ಟ್ರಿಸ್ಟ್ ಮತ್ತು ಬ್ಯಾಮ್‌ಫೋರ್ತ್ ಅವರ ಹೆಸರನ್ನೇ ಕೇಳದ ಚಿಕ್ಕಮ್ಮ ಅವರ ಪ್ರಬಂಧದ ಸಾರವನ್ನು ನಾಲ್ಕು ಮಾತಲ್ಲಿ ಹೇಳಿದ್ದರು.

ಇಂಗ್ಲಿಷಿನ ಆ ಪದವನ್ನು ಕನ್ನಡಕ್ಕೆ ತರಲು ಹೊರಟರೆ ಒಂದು ತೊಡಕು ಎದುರಾಗುತ್ತದೆ. ಕನ್ನಡದಲ್ಲಿ ಬಗ್ಗುವುದು ಬೇರೆ, ಬಗ್ಗಿಸುವುದು ಬೇರೆ. ಮಾತು ಪೂರ್ತಿಯಾಗಬೇಕಾದರೆ ಯಾರು ಯಾರನ್ನು ಎಂದು ಹೇಳಲೇಬೇಕು. ಕ್ಯಾಲಿಕೋದ ಶೆಡ್ಡಿನಲ್ಲಿ ಬಗ್ಗಿದ್ದು ಕೆಲಸದ ಏರ್ಪಾಡು, ಬಗ್ಗಿಸಿದವರು ಅಲ್ಲಿ ದುಡಿಯುವವರು. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ 12 ಗಂಟೆಯ ದಿನ ಬಂದರೆ ಬಗ್ಗುವುದು ಚಿಕ್ಕಮ್ಮನ ಬೆನ್ನು.

ಅಹಮದಾಬಾದಿನ ಕತೆಗೆ ಇನ್ನೊಂದು ಅಧ್ಯಾಯವಿದೆ, ಅದನ್ನು ಬಿಟ್ಟರೆ ಕತೆ ಅತಿ ಸಿಹಿಯಾಗುತ್ತದೆ. 1970ರಲ್ಲಿ ಟ್ಯಾವಿಸ್ಟಾಕ್‌ನ ಎರಿಕ್ ಮಿಲ್ಲರ್ ಅದೇ ಮಿಲ್ಲಿಗೆ ಹೋಗಿ, ಗುಂಪುಗಳು ಏನಾದವೆಂದು ನೋಡಿದರು. 1975ರಲ್ಲಿ ಅದರ ವರದಿ ಬಂತು. ಒಂದು ಶೆಡ್ಡಿನಲ್ಲಿ ಗುಂಪಿನ ಪದ್ಧತಿ ಹದಿನಾರು ವರ್ಷ ಕಳೆದರೂ ಹೆಚ್ಚುಕಡಿಮೆ ಹಾಗೆಯೇ ಇತ್ತು, ಬಟ್ಟೆಯ ಗುಣಮಟ್ಟವೂ ಇತ್ತು. ಈ ಪದ್ಧತಿ ಹಬ್ಬಿದ್ದ ಬೇರೆ ಕಡೆಗಳಲ್ಲಿ ಅದು ಸವೆದುಹೋಗಿ, ಹಳೆಯ ರೀತಿಯೇ ಮರಳಿತ್ತು. ಹೊರಗಿನ ಒತ್ತಡ ಹೆಚ್ಚಿದಾಗ ಮೇಲ್ವಿಚಾರಕರು ಮತ್ತೆ ಗುಂಪಿನ ಒಳಗೆ ಕೈಹಾಕತೊಡಗಿದ್ದರು. ಯಾರೂ ಆ ಪದ್ಧತಿಯನ್ನು ಆಜ್ಞೆ ಹೊರಡಿಸಿ ರದ್ದು ಮಾಡಿರಲಿಲ್ಲ. ಕಷ್ಟ ಬಂದಾಗಲೆಲ್ಲ ಒಂದಿಷ್ಟು ಅಧಿಕಾರ ಮೇಲಕ್ಕೆ ಹೋಗಿತ್ತು, ಹೋದದ್ದು ಕೆಳಕ್ಕೆ ಬರಲಿಲ್ಲ.

ಏಳು ಜನಕ್ಕೆ ಸಿಕ್ಕಿದ ತೀರ್ಮಾನದ ಹಕ್ಕು ಕಾಗದದ ಮೇಲೆ ಇರಲಿಲ್ಲ, ವ್ಯವಸ್ಥಾಪಕರ ಒಳ್ಳೆಯತನದ ಮೇಲೆ ನಿಂತಿತ್ತು. ನಮ್ಮ ತಿದ್ದುಪಡಿಯಲ್ಲಿ ಕಾಗದ ಇದೆ, ಕಾರ್ಮಿಕಳ ಸಹಿಗೆ ಜಾಗವೂ ಇದೆ. ಸಹಿ ಹಾಕುವುದಿಲ್ಲ ಎಂದವಳು ಮಾರನೆಯ ದಿನ ಅದೇ ಮೆಷಿನ್ನಿನ ಮುಂದೆ ಕೂರಬಹುದೇ ಎಂಬ ಪ್ರಶ್ನೆಗೆ ಉತ್ತರ ಮಾತ್ರ ಇಲ್ಲ. ಮುಂದಿನ ಸಲ ಯಾರಾದರೂ ಫ್ಲೆಕ್ಸಿಬಲ್ ಎಂದಾಗ ನಾವು ಕೇಳಬೇಕಾದದ್ದು ಅದನ್ನೇ.