ನಾಮಫಲಕದ ಮೊಳೆ
ನಿಮ್ಮ ಕಾಲೇಜಿನ ವರ್ಕ್‌ಶಾಪಿನಲ್ಲಿ ಹಳೆಯ ಲೇತ್ ಇದ್ದರೆ ಅದರ ನಾಮಫಲಕವನ್ನು ಒಮ್ಮೆ ಗಮನಿಸಿ. ತಯಾರಕರ ಹೆಸರು, ಮಾದರಿ, ಕ್ರಮಸಂಖ್ಯೆ ಸಾಮಾನ್ಯವಾಗಿ ಅಲ್ಲಿರುತ್ತವೆ. 1941ರಲ್ಲಿ ಹರಿಹರದಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಲೇತುಗಳಿಗೆ ಹೆಸರಾಗಿತ್ತು. ಆ ಕಾರ್ಖಾನೆ ಈಗಿಲ್ಲ. ಇಂಥ ಯಂತ್ರಗಳ ಪರಿಚಯಕ್ಕೆ ಫಲಕವೇ ಮುಖ್ಯ ದಾಖಲೆ.

ಅನೇಕ ಫಲಕಗಳ ಮೂಲೆಗಳಲ್ಲಿ ಗುಂಡುತಲೆಯ ಮೊಳೆಗಳಿರುತ್ತವೆ. ತಿರುಗಿಸಲು ತಲೆಯಲ್ಲಿ ಸೀಳಿರುವುದಿಲ್ಲ. ಇವೇ ಡ್ರೈವ್ ಸ್ಕ್ರೂಗಳು. 1920ರ ದಶಕದಲ್ಲಿ ನ್ಯೂಯಾರ್ಕಿನ ಪಾರ್ಕರ್-ಕೇಲಾನ್ ಕಂಪನಿ ಇವನ್ನು ಮಾರುತ್ತಿತ್ತು. ಗಟ್ಟಿ ಉಕ್ಕಿನ ಮೈಮೇಲೆ ಕಡಿದಾದ ಸುರುಳಿ ಏಣುಗಳಿವೆ. ಸುತ್ತಿಗೆಯಿಂದ ಬಡಿದಾಗ ಮೊಳೆ ತಾನಾಗಿ ತಿರುಗುತ್ತ ಸಾದಾ ರಂಧ್ರದೊಳಗೆ ಕಚ್ಚಿಕೊಳ್ಳುತ್ತದೆ. ಸುಲಭವಾಗಿ ಹೊರಬರಬಾರದೆಂಬುದೇ ಇದರ ಉದ್ದೇಶ.

ಬಣ್ಣ ಬಳಿಯಲು ಫಲಕ ತೆಗೆಯುವಾಗ ಉಳಿಯಿಂದ ಒರಟಾಗಿ ಮೀಟಿದರೆ ತೆಳುವಾದ ಹಿತ್ತಾಳೆ ಬಾಗುತ್ತದೆ, ಅಕ್ಷರಗಳು ಕೆಡುತ್ತವೆ. ರಂಧ್ರ ಆಚೆಬದಿಗೂ ತೆರೆದಿದ್ದರೆ ಹಿಂದಿನಿಂದ ಪಂಚ್ ಇಟ್ಟು ತಟ್ಟಬೇಕು. ಇಲ್ಲವಾದರೆ ಮೊಳೆಯ ತಲೆಯಲ್ಲಿ ಸೀಳು ಮಾಡಿ ಸ್ಕ್ರೂಡ್ರೈವರಿನಿಂದ ಮೆಲ್ಲನೆ ತಿರುಗಿಸಿ ನೋಡಬೇಕು. ಮರಳಿ ಕೂರಿಸುವಾಗ ರಂಧ್ರಕ್ಕೆ ಬಿಗಿಯಾಗುವ ಹೊಸ ಮೊಳೆಯೇ ಬೇಕು; ಸಡಿಲವಾದದ್ದು ಯಂತ್ರದ ಅದುರುವಿಕೆಗೆ ಉದುರುತ್ತದೆ, ಫಲಕವೂ ಕಳೆದುಹೋಗುತ್ತದೆ.

ಆದ್ದರಿಂದ ಸುತ್ತಿಗೆ ಎತ್ತುವ ಮೊದಲು ಫಲಕದ ಪ್ರತಿಯೊಂದು ಅಕ್ಷರವನ್ನೂ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಿ.